ತವನಪ್ಪ ಪೈಲವಾನನ ಸೂಜಿ

ಭೋಜ ಗ್ರಾಮದ ತವನಪ್ಪ ಪೈಲವಾನ ಕುಸ್ತಿಯಲ್ಲಿ ಮೊಣಕಾಲು ಮುರಿದುಕೊಂಡಿದ್ದ. ಆಪರೇಶನ್ ಆಗಿ ಮೂಳೆ ಕೂಡಿಕೊಂಡಿತು. ನೋವಿಗೆಂದು ಶುರುವಾದ ಸೂಜಿ ಮಾತ್ರ ನಿಲ್ಲಲಿಲ್ಲ. ದಿನಾ ಮಧ್ಯಾಹ್ನ ಬಸ್ಸು ಹತ್ತಿ ನಿಪ್ಪಾಣಿಗೆ ಹೋಗಿ ಒಬ್ಬ ಕಂಪೌಂಡರನಿಂದ ಸೂಜಿ ಮಾಡಿಸಿಕೊಳ್ಳುತ್ತಿದ್ದ. ಮನೆಯಲ್ಲಿ ಕೇಳಿದರೆ ತಂಬಾಕಿನ ವ್ಯಾಪಾರ ಎನ್ನುತ್ತಿದ್ದ. ಹೆಂಡತಿ ರಾಜಮತಿ ಅದನ್ನು ನಂಬಿರಲಿಲ್ಲ.

೧೯೮೯ರ ಬೇಸಿಗೆಯಲ್ಲಿ ಆ ಕಂಪೌಂಡರ್ ಊರು ಬಿಟ್ಟು ಹೋದ. ಮರುದಿನವೇ ತವನಪ್ಪನಿಗೆ ಮೇಲಿಂದ ಮೇಲೆ ಆಕಳಿಕೆ ಬಂತು. ಮೂಗು ಸೋರಿತು, ಹೊಟ್ಟೆ ಹಿಂಡಿತು. ಗಾಬರಿಯಾದ ರಾಜಮತಿ ಅವನನ್ನು ಚಿಕ್ಕೋಡಿಯ ದವಾಖಾನೆಗೆ ಕರೆತಂದಳು.

ಅಲ್ಲಿನ ಡಾಕ್ಟರ್ ಸುಗಂಧಾ ಹೊಸಬರು. ನೋವಿನ ಸೂಜಿ ಬೇಕೆಂದು ಬಂದವರು ಯಾರೇ ಆಗಲಿ, ಮೊದಲು ಕೂರಿಸಿ ನಾಲ್ಕು ಮಾತು ಕೇಳುವುದು ಅವರ ರೂಢಿ.

"ಮೊಣಕಾಲ ಭಾಳ ನೋಯಾಕತ್ತೈತ್ರಿ ಡಾಕ್ಟರಬಾಯಿ. ಒಂದ ಸೂಜಿ ಮಾಡ್ರಿ, ಸಾಕು," ಎಂದ ತವನಪ್ಪ.

"ತಡೀರಿ. ಮೊದಲ ಎಷ್ಟ ತಗೋತಿದ್ರಿ, ಈಗ ಅಷ್ಟ ಸಾಕಾಗ್ತೈತೇನು?"

"ಇಲ್ರಿ."

"ತಪ್ಪಿದ್ರ ಹಿಂಗ ಆಗ್ತೈತಿ?"

ಹೌದೆಂದು ತಲೆಯಾಡಿಸಿದ.

"ಬಿಡಬೇಕಂತ ನೋಡಿ, ಬಿಡಾಕ ಆಗಿಲ್ಲ. ಹೌದಿಲ್ರಿ?"

ಬೈಸಿಕೊಳ್ಳಲು ಮೈ ಬಿಗಿಹಿಡಿದು ಕೂತಿದ್ದ ತವನಪ್ಪನಿಗೆ ಆ ದನಿಯಲ್ಲಿ ಬೈಗುಳವೇ ಕೇಳಿಸಲಿಲ್ಲ. ಕಣ್ಣು ತುಂಬಿದವು.

"ಮೊಣಕಾಲ ಯಾವಾಗೋ ಆರಾಮ ಆಗೈತ್ರಿ. ಸೂಜಿ ಇಲ್ದ ಇರಾಕ ಆಗವಲ್ದು. ಅದಕ್ಕ ದಿನಾ ನಿಪ್ಪಾಣಿಗೆ ಹೋಗ್ತಿದ್ನಿ."

ಪಕ್ಕದಲ್ಲಿ ನಿಂತಿದ್ದ ರಾಜಮತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಬರೇ ಸೂಜೀಗೇನ್ರಿ?" ಅಳುತ್ತಲೇ ನಕ್ಕುಬಿಟ್ಟಳು. "ನೀವು ಅಲ್ಲಿ ಯಾರ್ನೋ ಇಟಗೊಂಡೀರಿ ಅಂತ ತಿಳಕೊಂಡಿದ್ನೆಲ್ರಿ! ಆಕಿಗೊಂದ ಹೆಸರ ಸುದ್ದಾ ಇಟ್ಟಿದ್ನಿ."

ತವನಪ್ಪ ಬೆರಗಾಗಿ ಅವಳನ್ನೇ ನೋಡಿದ. ಸುಗಂಧಾ ನಗು ತಡೆದುಕೊಂಡರು.

"ಇದೂ ಸಣ್ಣದಲ್ಲವ್ವಾ. ಆದ್ರ ರೋಗ ಇದು, ಗುಣ ಆಗ್ತೈತಿ. ಇಲ್ಲೇ ಇರ್ಲಿ. ಔಷಧ ಕೊಟ್ಟು ಸಾವಕಾಶ ಬಿಡಸೂಣು."

ಸುಲಭವಾಗಲಿಲ್ಲ. ತವನಪ್ಪ ಸೂಜಿಗಾಗಿ ಅಂಗಲಾಚಿದ, ಒಮ್ಮೆ ಗುಳಿಗೆಯ ತಟ್ಟೆ ಎತ್ತಿ ಒಗೆದ, ಮನೆಗೆ ಹೋಗುತ್ತೇನೆಂದು ಬಾಗಿಲವರೆಗೆ ಹೋದ. ರಾಜಮತಿ ಬೈಯಲೂ ಇಲ್ಲ, ದಾರಿಯನ್ನೂ ಬಿಡಲಿಲ್ಲ. ಸುಗಂಧಾ ಬಂದು ಅವನ ಕೈಹಿಡಿದು ಮಂಚಕ್ಕೆ ಕರೆತಂದರು. ದಿನ ಕಳೆದಂತೆ ಆಕಳಿಕೆ, ಹೊಟ್ಟೆನೋವು ಇಳಿದವು.

ಒಂದು ಮುಂಜಾನೆ ತವನಪ್ಪ ಎದ್ದು ಕೂತು, "ಹಸಿವ್ಯಾಗೈತಿ," ಎಂದ. ಎಷ್ಟೋ ತಿಂಗಳಿಂದ ಅವನ ಬಾಯಲ್ಲಿ ಕೇಳದ ಮಾತು. ರಾಜಮತಿ ಡಬ್ಬಿ ಬಿಚ್ಚಿ, ರೊಟ್ಟಿ ಮುರಿದು ಝುಣಕ ಹಚ್ಚಿ ಕೊಟ್ಟಳು. ತಿಂದು ಮುಗಿಸಿ ಮತ್ತೆ ಕೈಚಾಚಿದ. ಆಮೇಲೆ ಗೋಡೆಗೆ ಮುಖಮಾಡಿ ಮಲಗಿದವನು ಸಣ್ಣಗೆ ಗೊರಕೆ ಹೊಡೆಯತೊಡಗಿದ. ಡಬ್ಬಿ ತೊಳೆಯಲು ಎದ್ದ ರಾಜಮತಿ ಮತ್ತೆ ಕೂತಳು. ಅಲ್ಲೇ, ಮಂಚದ ಕಾಲಿಗೆ ಒರಗಿ ಅವಳಿಗೂ ನಿದ್ದೆ ಹತ್ತಿತು.