ಅಮ್ಮ ಬದುಕಿದ್ದಾಳೆ

"ಬಾಯಿಗೇನು ಬೀಗ ಹಾಕ್ಕೊಂಡಿದೀಯೇನೇ, ದರಿದ್ರದವಳೇ? ಇನ್ನೊಂದ್ಸಲ ಹೇಳು!"

ನಾಳೆ ಬರುವ ದಾನಿಗಳ ಮುಂದೆ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಸುತ್ತಿದ್ದ ವಾರ್ಡನ್ ರೂಲುದೊಣ್ಣೆಯಿಂದ ಊಟದ ಮೇಜಿಗೆ ಬಡಿದಳು. ಹದಿನಾಲ್ಕರ ಹುಡುಗಿ ಅನಾಥಾಲಯದ ಅಷ್ಟೂ ಹುಡುಗಿಯರ ಮುಂದೆ ಬೆವರುತ್ತ ನಿಂತಿದ್ದಳು. ನಾಲ್ಕು ಜನ ನೋಡುತ್ತಿದ್ದಾರೆಂದರೆ ಸಾಕು, ಅವಳ ನಾಲಿಗೆ ಒಣಗಿಹೋಗುತ್ತಿತ್ತು.

"ನನಗೆ ಯಾರೂ ಇಲ್ಲ. ಅಪ್ಪ ಅಮ್ಮ ಇಬ್ರೂ..."

"ಇಬ್ರೂ?"

ಅಪ್ಪ ಸತ್ತದ್ದು ನಿಜ. ಅಮ್ಮ ಆಸ್ಪತ್ರೆಯಲ್ಲಿ ನೆಲ ಒರೆಸಿ, ಕಕ್ಕಸು ತೊಳೆದು, ಅಲ್ಲೇ ಮೆಟ್ಟಿಲ ಕೆಳಗೆ ಮಲಗುತ್ತಿದ್ದಳು. ಮಗಳನ್ನು ಇಟ್ಟುಕೊಳ್ಳಲು ಜಾಗವಿಲ್ಲದೆ ಇಲ್ಲಿ ಬಿಟ್ಟಿದ್ದಳು. ಪ್ರತಿ ಭಾನುವಾರ ಫಿನೈಲಿನ ವಾಸನೆ ಹೊತ್ತು ಬಂದು, ಮಗಳ ತಲೆ ಬಾಚಿ ಹೋಗುತ್ತಿದ್ದಳು.

"ಅಮ್ಮ ಇದ್ದಾಳಲ್ಲ, ಮೇಡಂ..."

"ಇದ್ದಾಳಂತೆ! ಇದ್ದೋಳು ಹೆತ್ತು ಇಲ್ಲಿ ಯಾಕೆ ಬಿಸಾಕಿದ್ಲು? ಅಮ್ಮ ಇರೋರಿಗೆ ಯಾವನೇ ದಾನ ಕೊಡ್ತಾನೆ? ಸತ್ಲು ಅನ್ನು."

ಪಾತ್ರೆ ತೊಳೆಯುವಾಗ ಅಡುಗೆಯಾಕೆ ಪಕ್ಕಕ್ಕೆ ಬಂದು ಕೂತಳು. "ಹೇಳಿ ಮುಗಿಸಿಬಿಡೇ, ತಾಯಿ. ಬಾಯಲ್ಲಿ ಅಂದ್ರೆ ಯಾರೂ ಸಾಯಲ್ಲ." ಹುಡುಗಿ ಹೂಂಗುಟ್ಟಿದಳು.

ಮರುದಿನ ದಾನಿಗಳು ಬಂದರು. ಮೈಕು ಕೈಗೆ ಬಂದಾಗ ಹುಡುಗಿಗೆ ಓಡಿಹೋಗೋಣವೆನಿಸಿತು. ಓಡಲಿಲ್ಲ.

"ನನಗೆ ಅಪ್ಪ ಇಲ್ಲ. ಅಮ್ಮ... ಅಮ್ಮ ಬದುಕಿದ್ದಾಳೆ. ಆಸ್ಪತ್ರೇಲಿ ಕಕ್ಕಸು ತೊಳೀತಾಳೆ. ಅವಳು ನನ್ನ ಬಿಸಾಕಿಲ್ಲ."

ಮುಂದಿನ ಸಾಲಿನ ಹೆಂಗಸು ಫೋನಿನಿಂದ ತಲೆಯೆತ್ತಿ ಚಪ್ಪಾಳೆ ತಟ್ಟಿದಳು. ಅವಳನ್ನು ನೋಡಿ ಉಳಿದವರೂ ತಟ್ಟಿದರು. "ಪಾಪ, ತಲೆ ಸ್ವಲ್ಪ ಸರಿಯಿಲ್ಲ," ಎಂದು ನಗುತ್ತಲೇ ವಾರ್ಡನ್ ಮೈಕು ಕಿತ್ತುಕೊಂಡಳು.

ಭಾನುವಾರ ಬಂದ ಅಮ್ಮನನ್ನು ವಾರ್ಡನ್ ಗೇಟಿನಲ್ಲೇ ತಡೆದಳು. "ಮಗಳಿಗೆ ಹೇಳಿಕೊಟ್ಟು ನನ್ನ ಮಾನ ತೆಗೀತೀಯಾ? ಆರು ತಿಂಗಳು ಈ ಕಡೆ ತಲೆ ಹಾಕ್ಬೇಡ. ಆಗಲ್ವಾ, ಇವತ್ತೇ ಅವಳನ್ನ ಕರ್ಕೊಂಡು ಹೋಗು."

ಕರೆದುಕೊಂಡು ಹೋಗುವುದಾದರೂ ಎಲ್ಲಿಗೆ? ಅಮ್ಮ ಕೈಮುಗಿದಳು, ಕಾಲು ಹಿಡಿದಳು, ಕೊನೆಗೆ ತಿರುಗಿ ನಡೆದಳು.

ಮಹಡಿಯ ಕಿಟಕಿಯ ಸರಳು ಹಿಡಿದು ಹುಡುಗಿ "ಅಮ್ಮಾ" ಎಂದಳು. ಬಸ್ಸುಗಳ ಗದ್ದಲದಲ್ಲಿ ಅದು ರಸ್ತೆ ಮುಟ್ಟಲಿಲ್ಲ. ಪಕ್ಕದಲ್ಲಿದ್ದವಳು, ಹುಟ್ಟಿದಾಗಿಂದ ಅಮ್ಮನ ಮುಖವನ್ನೇ ಕಾಣದವಳು, ತಾನೂ ಕೂಗಿದಳು. ಆಮೇಲೆ ಇನ್ನೊಬ್ಬಳು. ಆಮೇಲೆ ಪಕ್ಕದ ಕೋಣೆಯವರು. "ಅಮ್ಮಾ! ಅಮ್ಮಾ!" ವಾರ್ಡನ್ ದಡದಡನೆ ಮೆಟ್ಟಿಲೇರಿ ಬರುವ ಸದ್ದಾಯಿತು. ಯಾರೂ ನಿಲ್ಲಿಸಲಿಲ್ಲ.

ರಸ್ತೆಯಾಚೆ ಅಮ್ಮ ತಿರುಗಿ ನಿಂತಳು. ಅಷ್ಟೊಂದು ಮುಖಗಳಲ್ಲಿ ತನ್ನ ಮಗಳದು ಯಾವುದೆಂದು ತಿಳಿಯದೆ, ಒಂದೊಂದೇ ಕಿಟಕಿಯನ್ನು ಹುಡುಕತೊಡಗಿದಳು.