ಬಣ್ಣ ಹಚ್ಚದೆ ಓದಿದ್ದು

ನಾಟಕ ಮಂಡಳಿಯವರು ಅವಳಿಗೆ ಇಟ್ಟ ಹೆಸರು ಇಲಿಮರಿ. ಪರದೆಯ ಹಿಂದೆ ಸ್ಟೂಲಿನ ಮೇಲೆ ಕೂತು, ಮಾತು ಮರೆತು ಕಣ್ಣುಕಣ್ಣು ಬಿಡುವ ನಟರಿಗೆ ಮುಂದಿನ ಸಾಲು ಪಿಸುಗುಟ್ಟುವುದು ಅವಳ ಕೆಲಸ. ಏಳನೇ ತರಗತಿಗೆ ಶಾಲೆ ಬಿಟ್ಟವಳು. ನಾಲ್ಕು ಜನ ಸೇರಿದ ಕಡೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಆದರೆ ಕೈಗೊಂದು ಕಾಗದ ಕೊಟ್ಟರೆ ಎಲ್ಲಿಯೂ ತಡವರಿಸದೆ ಓದುತ್ತಿದ್ದಳು. ಓದುವಾಗ ಅವಳ ಕಣ್ಣು ಬಾಯಿಗಿಂತ ಒಂದು ಸಾಲು ಮುಂದೆಯೇ ಇರುತ್ತಿತ್ತು. ಈ ಕೆಲಸಕ್ಕೆ ಬೇಕಾದ ಅಭ್ಯಾಸ ಅದು. ನಟ ಎಲ್ಲಿ ಎಡವುತ್ತಾನೆಂದು ಅವನಿಗಿಂತ ಮೊದಲೇ ತಿಳಿದಿರಬೇಕು.

ವರ್ಷದ ಕೊನೆಯ ರಜೆಗೆ ಮಂಡಳಿ ಆಡುತ್ತಿದ್ದುದು ಒಂದೇ ಕಥೆ, ಏಳು ಬಾಗಿಲಿನ ಕಥೆ. ಮನೆ ಬಿಟ್ಟು ಹೋದವನೊಬ್ಬ ವರ್ಷದ ಕಡೆಯ ದಿನ ಊರಿಗೆ ಮರಳಿ ಬಂದು ಬಾಗಿಲು ಬಡಿಯುತ್ತಾನೆ. ಆರು ಮನೆಯವರು ತೆರೆಯುವುದಿಲ್ಲ. ಏಳನೇ ಮನೆಯಲ್ಲಿ ಒಂದು ಮಗು ತೆರೆದು, ತಾನು ಕೂತಿದ್ದ ಮಣೆಯನ್ನು ಅವನಿಗೆ ಕೊಡುತ್ತದೆ. ಊರಿನ ಮಕ್ಕಳಿಗೆಲ್ಲ ಬಾಯಿಪಾಠವಾದ ಕಥೆ. ಹಳೆಯ ನಾಟಕದ ಪ್ರತಿ ಓದಿ ಓದಿ ಮಡಿಕೆಯಲ್ಲೇ ಹರಿದುಹೋಗಿತ್ತು. ಹಾಗಾಗಿ ಈ ವರ್ಷ ಅದೇ ಕಥೆಯನ್ನು ಹೊಸದಾಗಿ ನಾಟಕ ಮಾಡಿ ಕೊಡಿ ಎಂದು ಮಂಡಳಿ ಕೇಳಿತ್ತು. ಮೂರು ಬಂದಿದ್ದವು.

ಆರಿಸುವ ಕ್ರಮ ಇದು. ಬರೆದವರ ಹೆಸರು ನಿರ್ದೇಶಕರ ಬಳಿ, ಅಂಟಿಸಿದ ಲಕೋಟೆಯೊಳಗೆ. ನಾಟಕವನ್ನು ಇಲಿಮರಿ ಓದಬೇಕು, ಎಲ್ಲ ಪಾತ್ರವನ್ನೂ ಒಂದೇ ದನಿಯಲ್ಲಿ. "ಬಣ್ಣ ಹಚ್ಚದೆ ಓದಮ್ಮ" ಎನ್ನುತ್ತಿದ್ದರು ನಿರ್ದೇಶಕರು. ಅವರು ನಿವೃತ್ತ ಪೋಸ್ಟ್‌ಮಾಸ್ಟರು. ಲಕೋಟೆ, ಸೀಲು, ನಿಯಮ ಎಂದರೆ ಪ್ರಾಣ. ಮತಕ್ಕೆ ಕೈ ಎತ್ತುವ ಮೊದಲೇ ಯಾರಾದರೂ ಇದು ನನ್ನದೆಂದು ತೋರಿಸಿಕೊಂಡರೆ ಅವರ ನಾಟಕ ಹೊರಗೆ. ಈ ನಿಯಮ ಹುಟ್ಟಿದ್ದು ಹಲ್ಲಿನ ಡಾಕ್ಟರಿಂದ. ಒಂದು ವರ್ಷ ಅವರು ತಮ್ಮ ನಾಟಕದ ಒಳ್ಳೊಳ್ಳೆಯ ಮಾತು ಬಂದಾಗಲೆಲ್ಲ ಕೆಮ್ಮಿ ಕೆಮ್ಮಿ ಎಲ್ಲರ ಗಮನ ಸೆಳೆದಿದ್ದರು.

ಆ ಭಾನುವಾರ ಮಧ್ಯಾಹ್ನ ಲೈಬ್ರರಿಯ ಹಿಂದಿನ ಹಾಲಿನಲ್ಲಿ ಆರು ಮಡಚುವ ಕುರ್ಚಿಗಳು. ಇಲಿಮರಿಯ ಅಮ್ಮ ಕಿಟಕಿಯ ಬಳಿ ಕೂತು ಹಳೆಯ ಕೋಟೊಂದಕ್ಕೆ ಗುಂಡಿ ಹೊಲಿಯುತ್ತಿದ್ದಳು. ವಾರವೆಲ್ಲ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ, ಭಾನುವಾರ ಮಂಡಳಿಯ ಬಟ್ಟೆ. ನಿರ್ದೇಶಕರು, ಡಾಕ್ಟರು, ಬೇಕರಿ ಮಾವ ಮುಂದಿನ ಸಾಲಿನಲ್ಲಿ. ಪಕ್ಕದಲ್ಲಿ ಲೈಬ್ರರಿ ಅಕ್ಕ.

ಶಾಲೆ ಬಿಟ್ಟ ಹುಡುಗಿಗೆ ಓದುವ ರುಚಿ ಹತ್ತಿಸಿದವಳು ಲೈಬ್ರರಿ ಅಕ್ಕ. ಒಂದರ ಜಾಗದಲ್ಲಿ ಮೂರು ಪುಸ್ತಕ ಕೊಡುತ್ತಿದ್ದಳು. ಹರಿದ ಪುಸ್ತಕಗಳಿಗೆ ರಟ್ಟು ಹಾಕಲು ಕರೆದು, ಜೊತೆಯಲ್ಲೇ ಕೂರಿಸಿಕೊಂಡು ಮಾತನಾಡಿಸುತ್ತಿದ್ದಳು. ಇಲಿಮರಿ ಬಾಯಿ ಬಿಟ್ಟು ಮಾತನಾಡುತ್ತಿದ್ದುದು ಊರಲ್ಲಿ ಅವಳೊಬ್ಬಳ ಬಳಿ.

ಮೊದಲ ನಾಟಕದಲ್ಲಿ ಬಾಗಿಲಿಗೊಂದರಂತೆ ಏಳು ಹಾಡು. ನಾಲ್ಕನೇ ಹಾಡಿಗೆ ಬೇಕರಿ ಮಾವನ ಗಲ್ಲ ಎದೆಗೆ ಬಿದ್ದಿತ್ತು. ಎರಡನೆಯದರಲ್ಲಿ ಬಾಗಿಲುಗಳೆಲ್ಲ ರೈಲಿನ ಡಬ್ಬಿಯವು.

"ರೈಲಿನ ಬಾಗಿಲು ಯಾರಾದ್ರೂ ಬಡೀತಾರೇನ್ರೀ?" ಎಂದರು ಡಾಕ್ಟರು.

"ನಿಮ್ಮ ಕ್ಲಿನಿಕ್ ಬಾಗಿಲನ್ನೂ ಯಾರೂ ಬಡಿಯಲ್ಲ. ಹಾಗಂತ ಮುಚ್ಚಿದ್ದೀರಾ?" ಮಾವ ಕಣ್ಣು ಮುಚ್ಚಿಕೊಂಡೇ ಅಂದ.

ಚಹಾದ ಬಿಡುವಿನಲ್ಲಿ ಲೈಬ್ರರಿ ಅಕ್ಕ ಬಿಸಿನೀರಿನ ಲೋಟ ತಂದು ಇಲಿಮರಿಯ ಕೈಗಿಟ್ಟಳು. "ಗಂಟಲು ಒಣಗಿರುತ್ತೆ, ಕುಡಿ. ಮೂರನೇದು ಸ್ವಲ್ಪ ನಿಧಾನಕ್ಕೆ ಓದು ಪುಟ್ಟಿ" ಎಂದಳು. ಇಲಿಮರಿ ತಲೆಯಾಡಿಸಿದಳು. ಯಾಕೆ ಎಂದು ಕೇಳಬೇಕೆಂದು ಹೊಳೆಯಲೇ ಇಲ್ಲ.

ಮೂರನೆಯದು ಮೊದಲ ಪುಟದಿಂದಲೇ ಬೇರೆಯಾಗಿತ್ತು. ಮಾತು ಕಡಿಮೆ. ಒಂದೊಂದು ಬಾಗಿಲ ಹಿಂದೆಯೂ ಒಂದೊಂದು ಕಾರಣ. ಡಾಕ್ಟರು ಕಾಲು ಅಲ್ಲಾಡಿಸುವುದನ್ನು ನಿಲ್ಲಿಸಿದರು. ಮಾವ ನೆಟ್ಟಗೆ ಕೂತ. ಒಂಬತ್ತನೇ ಪುಟದ ಕೊನೆಗೆ ಏಳನೇ ಮನೆ ಬಂತು.

"ಒಳಗೆ ಒಂಬತ್ತು ವರ್ಷದ ಹುಡುಗಿ ಒಬ್ಬಳೇ. ತಾಯಿ ಇಸ್ತ್ರಿ ಕೆಲಸಕ್ಕೆ ಹೋಗಿದ್ದಾಳೆ" ಎಂದು ಓದಿದಳು.

ಅಮ್ಮ ಹೊಲಿಗೆಯಿಂದ ತಲೆಯೆತ್ತಿ ನಕ್ಕಳು. "ನೋಡಿ, ನಮ್ಮ ಇಸ್ತ್ರಿ ಪೆಟ್ಟಿಗೇನೂ ನಾಟಕಕ್ಕೆ ಬಂತು."

ಎಲ್ಲರೂ ನಕ್ಕರು. ಅಷ್ಟರಲ್ಲಿ ಇಲಿಮರಿ ಪುಟ ತಿರುವಿದ್ದಳು. ಕಣ್ಣು ಒಂದು ಸಾಲು ಮುಂದೆ ಹೋಗಿತ್ತು. 'ಹುಡುಗಿ ನೆಲಕ್ಕೆ ಕೆನ್ನೆ ಹಚ್ಚಿ ಬಾಗಿಲ ಸಂದಿಯಿಂದ ನೋಡುತ್ತಾಳೆ. ಕಂದು ಷೂ. ಒಂದಕ್ಕೆ ಕಂದು ಲೇಸು, ಇನ್ನೊಂದಕ್ಕೆ ಬಿಳಿ.'



ಹನ್ನೆರಡು ವರ್ಷದ ಹಿಂದೆ ನೆಲಕ್ಕೆ ಕೆನ್ನೆ ಹಚ್ಚಿದ್ದು ಅವಳೇ. ಎರಡು ವರ್ಷ ಕಾಣೆಯಾಗಿದ್ದ ಅಪ್ಪ ಆ ದಿನ ಮಧ್ಯಾಹ್ನ ಬಂದು ಬಾಗಿಲು ಬಡಿದಿದ್ದ. "ಮಗಳೇ, ನಾನು" ಎಂದಿದ್ದ. ಅವತ್ತು ಬೆಳಿಗ್ಗೆ ಅಮ್ಮ ಎಷ್ಟೋ ತಿಂಗಳ ಮೇಲೆ ಮೊದಲ ಸಲ ಜೋರಾಗಿ ನಕ್ಕಿದ್ದಳು. ಬಾಗಿಲು ತೆರೆದರೆ ಮತ್ತೆ ಮನೆಯಲ್ಲಿ ಜಗಳ, ಮತ್ತೆ ಅಮ್ಮನ ಅಳು. ಹುಡುಗಿ ಚಿಲಕ ಸದ್ದಾಗದಂತೆ ಹೆಬ್ಬೆರಳಿನಿಂದ ಅದುಮಿ ಹಿಡಿದು ನಿಂತಿದ್ದಳು. ಅವನಿಗೆ ಅವಳ ನೆರಳು ಕಂಡಿರಲೇಬೇಕು. ಸ್ವಲ್ಪ ಹೊತ್ತಿನ ಮೇಲೆ, ಒಳಗಿರುವವರಿಗೆ ಕೇಳಲೆಂದೇ, "ಮನೇಲಿ ಯಾರೂ ಇಲ್ಲ ಅನ್ಸುತ್ತೆ" ಎಂದು ಹೇಳಿ ಮೆಟ್ಟಿಲಿಳಿದು ಹೋಗಿದ್ದ. ಮರುವರ್ಷ ಅವನು ತೀರಿಕೊಂಡ ಸುದ್ದಿ ಬಂತು. "ಹೋದವರು ಒಂದ್ಸಲಾನೂ ತಿರುಗಿ ನೋಡ್ಲಿಲ್ಲ" ಎಂದು ಅಮ್ಮ ಇಂದಿಗೂ ಹೇಳುತ್ತಿದ್ದಳು. ಹಾಗೆ ಹೇಳಿದಾಗಲೆಲ್ಲ ಇಲಿಮರಿ ಎದ್ದು ಒಳಗೆ ಹೋಗುತ್ತಿದ್ದಳು.

ಇದನ್ನು ಒಬ್ಬರಿಗೆ ಮಾತ್ರ ಹೇಳಿದ್ದಳು. ಹೋದ ವರ್ಷ, ರಟ್ಟು ಅಂಟಿಸುತ್ತ. ಲೈಬ್ರರಿ ಅಕ್ಕ ಅಂಟಾದ ಕೈಯಲ್ಲೇ ಅವಳ ಕೈ ಹಿಡಿದು, "ಈ ಮಾತು ಇಲ್ಲಿಗೇ ಮುಗೀತು ಪುಟ್ಟಿ. ನನ್ನ ಜೊತೇಲೇ ಮಣ್ಣಿಗೆ ಹೋಗುತ್ತೆ" ಎಂದಿದ್ದಳು.

"ಮುಂದಕ್ಕೆ ಓದಮ್ಮ" ಎಂದರು ನಿರ್ದೇಶಕರು.

ಇದುವರೆಗೆ ಒಂದಕ್ಷರ ಬಿಟ್ಟು ಓದಿದವಳಲ್ಲ. ಈಗ ಹತ್ತನೇ ಪುಟವನ್ನು ಹಾಗೆಯೇ ಮಗುಚಿ, ಅದೇ ಬಣ್ಣವಿಲ್ಲದ ದನಿಯಲ್ಲಿ, "ಅವನು ಬಾಗಿಲು ಬಡಿಯುತ್ತಾನೆ. ಹುಡುಗಿಗೆ ಗಾಢ ನಿದ್ದೆ. ಬಾಗಿಲು ತೆರೆಯುವುದಿಲ್ಲ" ಎಂದು ತಾನೇ ಕಟ್ಟಿ ಹೇಳಿದಳು. ಉಳಿದ ಪುಟಗಳನ್ನು ಓದಿ ಮುಗಿಸಿದಳು. ಕಾಗದವನ್ನು ಮೇಜಿಗೆ ಒತ್ತಿ ಹಿಡಿದಿದ್ದಳು.



"ಅಷ್ಟೇನಾ?" ಎಂದರು ಡಾಕ್ಟರು. "ಇಷ್ಟೊತ್ತು ಕಟ್ಟಿ ಕಟ್ಟಿ ಕೊನೆಗೆ ನಿದ್ದೆ?"

"ನಿದ್ದೆ ಮಾಡೋ ಮಗೂದು ಏನು ತಪ್ಪು? ಯಾರದ್ದೂ ತಪ್ಪಿಲ್ಲ ಅಂದ್ರೆ ನಾಟಕ ಯಾಕೆ? ಆ ಹಾಡುಗಳದ್ದೇ ವಾಸಿ" ಎಂದ ಮಾವ.

"ಹಾಡು ಬಂದಾಗ ಗೊರಕೆ ಹೊಡೀತಿದ್ರಿ."

"ಹಾಡು ಚೆನ್ನಾಗಿದ್ರೇ ನಿದ್ದೆ ಬರೋದು."

ಇಲಿಮರಿ ಪುಟಗಳನ್ನು ಜೋಡಿಸತೊಡಗಿದಳು. ಇದು ಬಿದ್ದುಹೋಗುತ್ತದೆ. ಹಾಡು ಗೆಲ್ಲುತ್ತದೆ. ಕಾಗದವನ್ನು ತಾನೇ ಒಲೆಗೆ ಹಾಕಬಹುದು. ಲೈಬ್ರರಿ ಅಕ್ಕನತ್ತ ನೋಡಿದಳು. ಅಕ್ಕ ತಪ್ಪು ಅರಿತು ಸುಮ್ಮನಿದ್ದುಬಿಟ್ಟರೆ ಸಾಕಿತ್ತು. ಯಾವತ್ತೋ ಒಂದು ದಿನ ಕ್ಷಮಿಸಬಹುದಿತ್ತು.

"ಹತ್ತನೇ ಪುಟ ಬಿಟ್ಟುಹೋಗಿದೆ" ಎಂದಳು ಲೈಬ್ರರಿ ಅಕ್ಕ.

ನಿರ್ದೇಶಕರು ಕನ್ನಡಕದ ಮೇಲಿಂದ ನೋಡಿದರು. "ನಿಮಗೆ ಹೇಗೆ ಗೊತ್ತು?"

ಅಕ್ಕನ ಮುಖ ಕೆಂಪಾಯಿತು. ಆದರೆ ಹಿಂದೆ ಸರಿಯಲಿಲ್ಲ. "ಹೊರಗೆ ಹಾಕ್ತೀರಾದ್ರೆ ಹಾಕಿ. ಆ ಪುಟ ಓದಿಸಿ ಆಮೇಲೆ ಹಾಕಿ. ಎರಡು ತಿಂಗಳು ಆ ಒಂದು ಪುಟಕ್ಕೆ ಕೂತಿದ್ದೀನಿ."

"ನಾನು ಬರೀ ಕೆಮ್ಮಿದ್ದೆ" ಎಂದು ಡಾಕ್ಟರು ಗೊಣಗಿದರು.

"ಕೊಡಮ್ಮ ಇಲ್ಲಿ." ನಿರ್ದೇಶಕರು ಕೈ ಚಾಚಿದರು. ಇಲಿಮರಿ ಕಾಗದ ಬಿಡಲಿಲ್ಲ. ಅವರು ಮೆಲ್ಲಗೆ, ಲಕೋಟೆಯ ಅಂಟು ಬಿಡಿಸುವಷ್ಟು ಹುಷಾರಾಗಿ, ಅವಳ ಬೆರಳ ಸಂದಿನಿಂದ ಎಳೆದುಕೊಂಡರು.

ಮೊದಲು ಮನಸ್ಸಿನಲ್ಲಿ ಓದಿಕೊಂಡರು. ಆಮೇಲೆ ಎದ್ದು ನಿಂತು, ತಮ್ಮ ನಿಯಮವನ್ನು ತಾವೇ ಮರೆತು, ಬಣ್ಣ ಹಚ್ಚಿ ಓದಿದರು. ಷೂ, ಲೇಸು, ಚಿಲಕದ ಮೇಲಿನ ಹೆಬ್ಬೆರಳು, ಬೆಳಿಗ್ಗೆ ಅಮ್ಮ ನಕ್ಕ ನಗು. "ಮನೇಲಿ ಯಾರೂ ಇಲ್ಲ ಅನ್ಸುತ್ತೆ" ಎನ್ನುವಾಗ ಅವರ ದನಿ ಒಡೆಯಿತು. ಅಕ್ಕ ಚೆನ್ನಾಗಿ ಬರೆದಿದ್ದಳು. ಹುಡುಕಿದರೂ ಅದರಲ್ಲಿ ಒಂದು ಸುಳ್ಳು ಪದವಿರಲಿಲ್ಲ. ಇಲಿಮರಿಗೆ ತಡೆಯಲಾಗದೆ ಹೋದದ್ದು ಅದೇ. ಅವಳು ಹೇಳಿದ್ದೆಲ್ಲವನ್ನೂ ಅಕ್ಕ ಅಷ್ಟು ಅಕ್ಕರೆಯಿಂದ ಕೇಳಿಸಿಕೊಂಡಿದ್ದು ಇದಕ್ಕಾಗಿ.

ಬೇಕರಿ ಮಾವ ತೋಳಿನಿಂದ ಕಣ್ಣೊರೆಸಿಕೊಂಡ. "ನಿಯಮ ಹಾಳಾಗಿಹೋಗ್ಲಿ. ಇದನ್ನ ಬಿಡೋಕಾಗುತ್ತೇನ್ರೀ?"

ಅಮ್ಮನ ಸೂಜಿ ನಿಂತಿತ್ತು. "ಬಿಳೀ ಲೇಸು ಅಂತ ಯಾರು ಹೇಳಿದ್ರು ನಿಮಗೆ?" ಎಂದು ಲೈಬ್ರರಿ ಅಕ್ಕನನ್ನು ಕೇಳಿದಳು. "ಕಂದು ಲೇಸು ಕಿತ್ತುಹೋಗಿತ್ತು. ಆ ಬಿಳೀದನ್ನ ಹಾಕ್ಕೊಟ್ಟೋಳು ನಾನು. ಅವರು ಮನೆ ಬಿಟ್ಟ ದಿನ ಬೆಳಿಗ್ಗೆ."

ಆಮೇಲೆ ತಿರುಗಿ ಮಗಳನ್ನು ನೋಡಿದಳು. ಬೈಯುವ ನೋಟವಲ್ಲ ಅದು. ಲಾಂಡ್ರಿಗೆ ಬಂದ ಬಟ್ಟೆಯಲ್ಲಿ ಎಷ್ಟು ಉಜ್ಜಿದರೂ ಹೋಗದ ಕಲೆಯನ್ನು ಬೆಳಕಿಗೆ ಹಿಡಿದು ನೋಡುವಂತೆ ನೋಡಿದಳು.

"ಹನ್ನೆರಡು ವರ್ಷ ನನ್ನ ಬಾಯಿಂದ ಅವರನ್ನ ಬೈಸಿದ್ಯಲ್ಲೇ" ಎಂದಳು. "ಇವರಿಗೆ ಹೇಳ್ದೆ. ನನಗೆ ಹೇಳ್ಲಿಲ್ಲ."

ಕೋಟನ್ನು ಕುರ್ಚಿಯ ಬೆನ್ನಿಗೆ ಹಾಕಿ, ಸೂಜಿಯನ್ನು ಅದರ ಕಾಲರಿಗೆ ಚುಚ್ಚಿ ಹೊರಟುಹೋದಳು.

ಯಾರಿಗೂ ಯಾರ ಮುಖ ನೋಡುವ ಧೈರ್ಯವಾಗಲಿಲ್ಲ. ಆದರೂ ನಾಟಕ ಆರಿಸುವ ದಿನ ಅದು. ನಿರ್ದೇಶಕರು ಮೆತ್ತಗೆ ಕೈ ಎತ್ತಲು ಹೇಳಿದರು. ಮಾವ ಎತ್ತಿದ. ಡಾಕ್ಟರು ಎತ್ತಿದರು. ನಿರ್ದೇಶಕರು ತಾವೂ ಎತ್ತಿದರು. "ನಿನ್ನದಮ್ಮ?" ಎಂದು ಕೇಳಿದಾಗ ಅವರ ಕಣ್ಣು ನೆಲದಲ್ಲಿತ್ತು.

ಇಲಿಮರಿ ಎದ್ದು, ಕೈಚೀಲದಿಂದ ಮೂರು ಪುಸ್ತಕ ತೆಗೆದು ಲೈಬ್ರರಿ ಅಕ್ಕನ ಮಡಿಲಲ್ಲಿಟ್ಟಳು. ಮೇಲೆ ತನ್ನ ಕಾರ್ಡು.

"ಹೆಸರು ಎಲ್ಲೂ ಹಾಕಿಲ್ಲ ಪುಟ್ಟಿ" ಎಂದಳು ಅಕ್ಕ. "ನಿನ್ನ ನೋವನ್ನ ನಾನು ಮರ್ಯಾದೆಯಿಂದ..."

"ಮೂರನೇದು ನಿಧಾನಕ್ಕೆ ಓದು ಅಂದ್ರಲ್ಲಕ್ಕಾ." ಎಲ್ಲರ ಎದುರಿಗೆ, ಕಾಗದವಿಲ್ಲದೆ, ಆ ಹಾಲಿನಲ್ಲಿ ಅವಳು ಆಡಿದ ಮೊದಲ ಮಾತು ಅದು. "ನನ್ನ ಬಾಯಿಂದಾನೇ, ಅಮ್ಮನ ಮುಂದೆ. ಬಿಸಿನೀರು ಬೇರೆ ಕೊಟ್ರಿ."

ಅಕ್ಕ ಬಾಯಿ ತೆರೆದಳು. ಮಾತು ಸಿಗಲಿಲ್ಲ. ಮುಂದಿನ ಸಾಲು ಹೇಳಿಕೊಡುವವಳು ಅಷ್ಟರಲ್ಲಿ ಬಾಗಿಲು ದಾಟಿದ್ದಳು.

ಮನೆಗೆ ಬರುವಾಗ ಸಂಜೆ ಬಿಸಿಲು ಇನ್ನೂ ಮೆಟ್ಟಿಲ ಮೇಲಿತ್ತು. ಬಾಗಿಲಿಗೆ ಒಳಗಿನಿಂದ ಚಿಲಕ. ಬಡಿದಳು. ಸದ್ದಿಲ್ಲ. ಬಗ್ಗಿ ನೋಡಬೇಕಾಗಿರಲಿಲ್ಲ, ಬಾಗಿಲ ಸಂದಿಯಲ್ಲಿ ಅಮ್ಮನ ಎರಡು ಚಪ್ಪಲಿಯ ನೆರಳು ನಿಂತಲ್ಲೇ ನಿಂತಿತ್ತು.

'ಮನೇಲಿ ಯಾರೂ ಇಲ್ಲ ಅನ್ಸುತ್ತೆ' ಎಂಬ ಅಪ್ಪನ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ಹೇಳಿದವರು ಮೆಟ್ಟಿಲಿಳಿದು ಹೋಗಬೇಕಾಗುತ್ತದೆ.

"ಅಮ್ಮಾ, ನೀನು ಅಲ್ಲೇ ಇದ್ದೀಯ ಅಂತ ಗೊತ್ತು" ಎಂದಳು. "ತೆಗೀಬೇಡ. ಆದ್ರೆ ನಾನು ಹೋಗಲ್ಲ."

ಮೆಟ್ಟಿಲ ಮೇಲೆ ಕೂತು ಬೆನ್ನನ್ನು ಬಾಗಿಲಿಗೆ ಒರಗಿಸಿದಳು. ಬಿಸಿಲು ಮೊಣಕಾಲಿನಿಂದ ಪಾದಕ್ಕೆ ಇಳಿಯಿತು. ಎದುರು ಮನೆಯವರು ಒಣಗಿದ ಬಟ್ಟೆ ತೆಗೆದು ಒಳಗೆ ಹೋದರು. ಬೆನ್ನ ಹಿಂದೆ ಹಲಗೆ ಒಂದಿಷ್ಟು ಅದುರಿತು. ಅಮ್ಮನೂ ಆ ಬದಿಗೆ ಕೂತಿದ್ದಳು.

"ಆ ಬಿಳೀ ಲೇಸು," ಅಮ್ಮನ ದನಿ ಚಿಲಕದ ಕೆಳಗಿನಿಂದ ಬಂತು. "ಕೊಳೆಯಾಗಿತ್ತಾ?"

ಅದು ನಾಟಕದಲ್ಲಿರಲಿಲ್ಲ. ಲೈಬ್ರರಿ ಅಕ್ಕ ಅದನ್ನು ಕೇಳಿರಲೇ ಇಲ್ಲ.

"ಇಲ್ಲಮ್ಮ" ಎಂದಳು. "ಒಗೆದು ಕಟ್ಟಿದ್ರು."