ಟಿಟ್ಟಿಭದ ನಾಲ್ಕು ಮೊಟ್ಟೆ

ಮದುವೆಗಳ ಫೋಟೋ ತೆಗೆಯುವುದು ತಮ್ಮನ ಕಸುಬು. ಬೇಸಿಗೆ ಬಂತೆಂದರೆ ಹತ್ತು ದಿನ ಸ್ಟುಡಿಯೋಗೆ ಬೀಗ ಜಡಿದು, ಅಕ್ಕನನ್ನು ಕಾರಿನಲ್ಲಿ ಕೂರಿಸಿಕೊಂಡು ಹಕ್ಕಿಗಳ ಹಿಂದೆ ಬೀಳುವುದು ಅವನ ಹುಚ್ಚು. ಆ ಹುಚ್ಚು ಹತ್ತಿಸಿದವಳು ಅಕ್ಕನೇ. ಮೂವತ್ತು ವರ್ಷ ಶಾಲೆಯಲ್ಲಿ ಜೀವಶಾಸ್ತ್ರ ಹೇಳಿಕೊಟ್ಟವಳು. ಈಗೀಗ ಮೊಣಕಾಲು ಅವಳ ಮಾತು ಕೇಳುತ್ತಿರಲಿಲ್ಲ. ಅವಳು ಕಾರಿನಲ್ಲೇ ಕೂತು ದುರ್ಬೀನು ಹಿಡಿದರೆ, ಇವನು ಕ್ಯಾಮೆರಾ ಹೊತ್ತು ಇಳಿಯುತ್ತಿದ್ದ.

ನಾಲ್ಕನೆಯ ದಿನ ಹನ್ನೊಂದರ ಸುಮಾರಿಗೆ, ಬತ್ತುತ್ತಿದ್ದ ಕೆರೆಯಂಚಿನ ಕಲ್ಲುನೆಲದಲ್ಲಿ ಟಿಟ್ಟಿಭದ ಗೂಡು ಅವನ ಕಣ್ಣಿಗೆ ಬಿತ್ತು. ಗೂಡೆನ್ನಲು ಅಲ್ಲೇನೂ ಇರಲಿಲ್ಲ. ಸಣ್ಣ ತಗ್ಗು, ಅದರಲ್ಲಿ ಕಲ್ಲಿನದೇ ಬಣ್ಣದ ನಾಲ್ಕು ಮೊಟ್ಟೆ. ಹಕ್ಕಿ ಮೇಲೆದ್ದು ಅವನ ತಲೆ ಸುತ್ತುತ್ತಾ ಬೊಬ್ಬೆಯಿಟ್ಟಿತು. ಅದು ಬಂದು ಕೂರುವ ಚಿತ್ರ ಬೇಕೆಂದು ಅವನು ದಪ್ಪ ಚಾಪೆ ಹಾಸಿ ಹೊಟ್ಟೆಯ ಮೇಲೆ ಮಲಗಿದ. ಹಕ್ಕಿ ಕೂರಲಿಲ್ಲ, ಇವನು ಏಳಲಿಲ್ಲ. ಬಾಯಿ ತೆರೆದು ನೇರ ತನ್ನತ್ತಲೇ ಎರಗಿದ ಹಕ್ಕಿಯ ಚಿತ್ರವೊಂದು ಸಿಕ್ಕಾಗ, ಜನ್ಮದಲ್ಲಿ ಇಂಥದ್ದು ತೆಗೆದಿಲ್ಲ ಅನ್ನಿಸಿ ಎದೆ ಹಿಗ್ಗಿತು. ಇನ್ನೊಂದು ಸಿಗಲೆಂದು ಕಾದ.

ಅಕ್ಕ ಎರಡು ಸಲ ಹಾರ್ನ್ ಒತ್ತಿದಳು. ಅವನು ಕೈ ಬೀಸಿ ಸುಮ್ಮನಾಗಿಸಿದ. ಕೊನೆಗೆ ಅವಳೇ ಕುಂಟುತ್ತಾ ಬಂದಳು.

“ಎದ್ದೇಳೋ. ಮುಕ್ಕಾಲು ಗಂಟೆ ಆಯ್ತು.”

“ಇನ್ನೈದು ನಿಮಿಷ ಅಕ್ಕಾ. ಈಗ ಕೂತ್ಕೊಳ್ಳುತ್ತೆ.”

“ನೀನಿರೋವರೆಗೂ ಕೂರಲ್ಲ. ಆ ಕಲ್ಲು ಮುಟ್ಟಿ ನೋಡು.”

ಮುಟ್ಟಿದ. ಅಂಗೈ ಚುರ್ ಅಂದಿತು.

“ಈ ಬಿಸಿಲಲ್ಲಿ ಅದು ಕಾವು ಕೊಡೋಕೆ ಕೂರೋದಲ್ಲ ಕಣೋ, ನೆರಳು ಕೊಡೋಕೆ,” ಎಂದಳು ಅಕ್ಕ.

ಅವನು ಕ್ಯಾಮೆರಾ ಎತ್ತಿಕೊಂಡು ಎದ್ದ. ಕಾರನ್ನು ದೂರ ಒಯ್ದು ನಿಲ್ಲಿಸಿದರು. ಹಕ್ಕಿ ನೀರಿಗೆ ಓಡಿ, ಹೊಟ್ಟೆಯ ಗರಿ ತೋಯಿಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂತಿತು. ಮತ್ತೆ ಓಡಿತು, ಮತ್ತೆ ಬಂತು. ಕ್ಯಾಮೆರಾ ಅವನ ತೊಡೆಯ ಮೇಲೆ ಹಾಗೇ ಬಿದ್ದಿತ್ತು.

ಮುಂದಿನ ಊರುಗಳನ್ನೆಲ್ಲ ಕೈಬಿಟ್ಟು ಹತ್ತಿರದ ಲಾಡ್ಜಿನಲ್ಲೇ ಉಳಿದರು. ದಿನವೂ ರಸ್ತೆಯಿಂದಲೇ ದುರ್ಬೀನಿನಲ್ಲಿ ನೋಡುತ್ತಿದ್ದರು. ಹಾಗೆ ಉಳಿದ ಐದನೆಯ ಬೆಳಗ್ಗೆ ಹಕ್ಕಿಯ ಕಾಲ ಬಳಿ ಹತ್ತಿಯುಂಡೆಯಂಥದ್ದು ಅಲುಗಾಡಿತು.

“ಒಂದು,” ಎಂದಳು ಅಕ್ಕ.

ಉಳಿದ ಮೂರು ಒಡೆಯಲಿಲ್ಲ. ಹಕ್ಕಿ ಮರುದಿನ ಸಂಜೆಯವರೆಗೂ ಅವುಗಳ ಬಳಿ ಬಂದು ಹೋಗಿ ಮಾಡಿ, ಆಮೇಲೆ ಒಂಟಿ ಮರಿಯನ್ನು ಕರೆದುಕೊಂಡು ಹೊರಟುಹೋಯಿತು.

“ಬೇರೆ ಕಾರಣನೂ ಇರಬಹುದು ಅಲ್ವಾ?” ಎಂದು ಕೇಳಿದ ತಮ್ಮ.

“ಇರಬಹುದು.”

ಅದರಿಂದ ಅವನಿಗೆ ಸಮಾಧಾನವೇನೂ ಆಗಲಿಲ್ಲ.

ಊರಿಗೆ ಮರಳಿದ ಮೇಲೆ ಪಕ್ಷಿವೀಕ್ಷಕರ ಸಂಘದ ಪ್ರದರ್ಶನಕ್ಕೆ ಆ ಚಿತ್ರವೇ ಆಯ್ಕೆಯಾಯಿತು. ಅಡಿಬರಹವನ್ನು ಅವನೇ ಬರೆದುಕೊಟ್ಟ: ‘ಈ ಹಕ್ಕಿ ನನ್ನನ್ನು ಓಡಿಸಲು ಕೂಗುತ್ತಿದೆ. ಉರಿಬಿಸಿಲಿನಲ್ಲಿ ಮುಕ್ಕಾಲು ಗಂಟೆ ನಾನು ಕದಲಲಿಲ್ಲ. ನಾಲ್ಕು ಮೊಟ್ಟೆಗಳಲ್ಲಿ ಒಂದೇ ಮರಿಯಾಯಿತು.’

“ಇದೆಲ್ಲ ಯಾಕೆ ಸಾರ್?” ಎಂದರು ಸಂಘದ ಕಾರ್ಯದರ್ಶಿ. “ಚೆನ್ನಾಗಿರೋ ಚಿತ್ರದ ಅಂದ ಕೆಡುತ್ತೆ.”

“ಕೆಡಲಿ ಬಿಡಿ. ಬರಹ ಬೇಡ ಅಂದ್ರೆ ಚಿತ್ರನೂ ಬೇಡ.”

ಮೊದಲ ದಿನವೇ ಬಂದ ಅಕ್ಕ ಆ ಸಾಲುಗಳನ್ನು ಎರಡು ಸಲ ಓದಿದಳು. ಹೊರಡುವಾಗ ತಮ್ಮನ ಭುಜ ಹಿಡಿದುಕೊಂಡವಳು, ಮೆಟ್ಟಿಲೆಲ್ಲ ಇಳಿದು ಬೀದಿಗೆ ಬಂದ ಮೇಲೂ ಬಿಡಲಿಲ್ಲ.